ತೆಗೆದುಹಾಕಿದ ಪದ

"ಸ್ವಾಮಿ, ಎದುರು ಪಕ್ಷದ ಹಿರಿಯರು ಈಗ ಓದಿದ ತೀರ್ಪು ಬಹಳ ಚೆನ್ನಾಗಿದೆ. ಒಂದೇ ತೊಂದರೆ. ಅದು ಈಗ ಬದುಕಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮಾತಾಡಿದವರು ಮಗುವನ್ನು ಕೇಳುತ್ತಿದ್ದ ತಂದೆಯ ಪರ ವಕೀಲರು. ಅವರ ದನಿಗೆ ಮೈಕು ಬೇಕಿರಲಿಲ್ಲ. ಮೂರನೇ ಕೋಣೆಯಲ್ಲಿ ವಾದ ಮಾಡಿದರೆ ಹೊರಗಿನ ಗೇಟಿನವರೆಗೂ ಕೇಳಿಸುತ್ತಿತ್ತು. ಹಾಗಾಗಿ ಕೋರ್ಟಿನಲ್ಲಿ ಎಲ್ಲರ ಬಾಯಲ್ಲೂ ಅವರು ಗಂಟೆ ವಕೀಲರು. ಈಗ ಮಾತ್ರ ದನಿ ತಗ್ಗಿಸಿಯೇ ಹೇಳಿದರು. ಅದು ಇನ್ನೂ ಹೆಚ್ಚು ನಾಟಿತು.

"ಕಳೆದ ವರ್ಷ ಮೇಲಿನ ನ್ಯಾಯಾಲಯದ ಪೂರ್ಣಪೀಠ ಅದನ್ನು ತಳ್ಳಿಹಾಕಿದೆ. ಮಗುವನ್ನು ಬೇರೆಯವರು ಸಾಕಿದ ಮಾತ್ರಕ್ಕೆ ತಂದೆಯ ಹಕ್ಕು ಹೋಗುವುದಿಲ್ಲ ಎಂದು ಹೇಳಿದೆ. ಪ್ರತಿ ಇಲ್ಲಿದೆ."

ಹಿರಿಯರ ಕೈ ತೆರೆದ ದಪ್ಪ ಸಂಪುಟದ ಮೇಲೆ ಹಾಗೇ ಉಳಿಯಿತು. ಕಿವಿಯ ಅಂಚು ಕೆಂಪಾಗುತ್ತಿದ್ದುದನ್ನು ಪಕ್ಕದಲ್ಲಿ ನಿಂತಿದ್ದ ಅವರ ಸೊಸೆ ನೋಡಿದಳು. ಅವಳೂ ವಕೀಲೆ, ಮಾವನ ಕಚೇರಿಯಲ್ಲೇ ಕೆಲಸ. ಮದುವೆಗೆ ಮೊದಲಿನಿಂದಲೂ ಅವಳು ವಕೀಲೆಯೇ ಆಗಿದ್ದರೂ, ಕೋರ್ಟಿನವರಿಗೆ ಅವಳು ಸೊಸೆ ವಕೀಲರು. ಮೊದಮೊದಲು ಕೋಪ ಬರುತ್ತಿತ್ತು, ಆಮೇಲೆ ಅಭ್ಯಾಸವಾಯಿತು.

ಮಾವನ ನೆನಪು ಆ ಕಟ್ಟಡದಲ್ಲೇ ಹೆಸರುವಾಸಿ. ಯಾವ ಸಂಪುಟ, ಎಷ್ಟನೇ ಪುಟ, ಯಾವ ನ್ಯಾಯಾಧೀಶರು ಎಂಬುದೆಲ್ಲ ನಾಲಿಗೆ ತುದಿಯಲ್ಲಿ. ಹಿಂದಿನ ದಿನ ಅವಳು, "ಮಾವ, ಒಂದ್ಸಲ ಕಂಪ್ಯೂಟರಲ್ಲಿ ನೋಡಿಬಿಡ್ಲಾ?" ಎಂದಿದ್ದಳು. "ಆ ತೀರ್ಪು ಬಂದಾಗ ನೀನು ಹುಟ್ಟೇ ಇರ್ಲಿಲ್ಲಮ್ಮ" ಎಂದು ಅವರು ನಕ್ಕಿದ್ದರು. ಅವಳೂ ನಕ್ಕು ಸುಮ್ಮನಾಗಿದ್ದಳು.

ನ್ಯಾಯಾಧೀಶರು ಕನ್ನಡಕ ತೆಗೆದು ಕೇಳಿದರು. "ಏನಂತೀರಿ, ಹಿರಿಯರೇ?"

"ನನ್ನ ಗಮನಕ್ಕೆ ಬಂದಿರಲಿಲ್ಲ, ಸ್ವಾಮಿ."

"ಪೂರ್ಣಪೀಠ ಹೇಳಿದ್ದನ್ನ ನಾನು ದಾಟೋಕಾಗಲ್ಲ. ಮಗುವನ್ನ ಇವತ್ತು ಸಂಜೆ ರೈಲಿಗೇ ಕರ್ಕೊಂಡು ಹೋಗ್ತೀನಿ ಅಂತ ತಂದೆ ಕೇಳ್ತಿದ್ದಾರೆ. ಈ ತೀರ್ಪು ಬಂದ ಮೇಲೆ ನಿಮಗೆ ಸಹಾಯ ಆಗೋ ಅಂಥದ್ದು ಬೇರೆ ಏನಾದ್ರೂ ಬಂದಿದ್ರೆ ಊಟದ ವಿರಾಮ ಮುಗಿದ ಮೇಲೆ ತೋರಿಸಿ. ಇಲ್ಲದಿದ್ರೆ ಆದೇಶ ಬರೆಸ್ತೀನಿ."

ಎಲ್ಲರೂ ಎದ್ದು ನಿಂತರು. ನ್ಯಾಯಾಧೀಶರು ಒಳಗೆ ಹೋದರು.

ಹೊರಗಿನ ಪಡಸಾಲೆಯಲ್ಲಿ ಮಾವ ಸೊಸೆಯರ ಕಕ್ಷಿದಾರಳು ಗೋಡೆಗೆ ಒರಗಿ ನಿಂತಿದ್ದಳು. ಅವಳು ದರ್ಜಿ, ಶಾಲೆಯ ಸಮವಸ್ತ್ರ ಹೊಲಿದು ಜೀವನ ಮಾಡುವವಳು. ತಂಗಿ ಹೆರಿಗೆಯಲ್ಲೇ ತೀರಿಕೊಂಡಾಗ, ಹಸಿಗೂಸನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದವಳು ಇವಳೇ. ಮಗುವಿನ ತಂದೆ ಹಡಗಿನ ಅಡುಗೆಯವನು. ವರ್ಷಕ್ಕೊಮ್ಮೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಈಗ ಅವನು ಹಡಗು ಬಿಟ್ಟು, ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ ದೂರದ ಊರಲ್ಲಿ ನೆಲದ ಮೇಲಿನ ಕೆಲಸ ಹಿಡಿದಿದ್ದ. ಮಗಳು ಬೇಕು ಎಂದಿದ್ದ.

ಮಗುವಿಗೆ ಈಗ ಎಂಟು ವರ್ಷ. ಅಂಬೆಗಾಲಿಡುವಾಗ ದೊಡ್ಡಮ್ಮನ ಹೊಲಿಗೆ ಮಿಷನ್ನಿನ ಕೆಳಗೆ ಬಿದ್ದಿದ್ದ ಒಂದು ಅಂಗಿ ಗುಂಡಿಯನ್ನು ನುಂಗಿ ಇಡೀ ಬೀದಿಯನ್ನೇ ಆಸ್ಪತ್ರೆಗೆ ಓಡಿಸಿದ್ದಳು. ಅಂದಿನಿಂದ ಅವಳ ಹೆಸರು ಗುಂಡಿ.

"ಗೆದ್ವಾ, ದೊಡ್ಡಮ್ಮ?" ಪಕ್ಕದ ಬೆಂಚಿನ ಮೇಲೆ ಕೂತಿದ್ದ ಗುಂಡಿ ಕೇಳಿದಳು.

"ಇನ್ನೂ ಇಲ್ಲ ಪುಟ್ಟಾ. ಊಟಕ್ಕೆ ಬಿಟ್ಟಿದ್ದಾರೆ."

ಪಡಸಾಲೆಯ ಇನ್ನೊಂದು ತುದಿಯಲ್ಲಿ ತಂದೆ ಒಬ್ಬನೇ ನಿಂತಿದ್ದ. ಅವನ ಕಾಲ ಬಳಿ ಚಕ್ರವಿರುವ ಒಂದು ಪುಟ್ಟ ಸೂಟ್‌ಕೇಸು, ಹೊಚ್ಚ ಹೊಸದು, ಹಿಡಿಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದಿರಲಿಲ್ಲ. ಅದು ಖಾಲಿ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಅದನ್ನು ನೋಡಿದ ದೊಡ್ಡಮ್ಮ ಸೊಸೆಯ ಬಳಿ ಸರಿದಳು.

"ಅಮ್ಮ, ಅವಳ ಬಟ್ಟೆಬರೆ ನಾನು ಏನೂ ತಂದಿಲ್ಲ," ಎಂದಳು ಸೊಸೆಯ ಕಿವಿಯಲ್ಲಿ. "ತಂದ್ರೆ ಒಪ್ಪಿಕೊಂಡ ಹಾಗೆ ಆಗುತ್ತೆ ಅಂತ. ಮಾಡಿದ್ದು ತಪ್ಪಾಯ್ತಾ?"

"ತಪ್ಪೇನಿಲ್ಲ. ಇಲ್ಲೇ ಕೂತಿರಿ. ಎಲ್ಲೂ ಹೋಗ್ಬೇಡಿ."

ವಕೀಲರ ಸಂಘದ ಗ್ರಂಥಾಲಯ ಮಹಡಿಯ ಮೇಲೆ. ಮಾವ ಮೆಟ್ಟಿಲನ್ನು ನಿಧಾನ ಹತ್ತಿದರು, ಅವಳು ಎರಡೆರಡು ಮೆಟ್ಟಿಲು ಹಾರಿದಳು. ಊಟದ ಹೊತ್ತಾದ್ದರಿಂದ ಒಳಗೆ ಯಾರೂ ಇರಲಿಲ್ಲ. ಕಿಟಕಿಯ ಪಕ್ಕದ ಕಂಪ್ಯೂಟರಿನಲ್ಲಿ ತೀರ್ಪುಗಳ ಭಂಡಾರ ತೆರೆದು, ಹುಡುಕುವ ಖಾನೆಯಲ್ಲಿ ಅವಸರದಿಂದ ಬರೆದಳು: ಮಗು ತಂದೆ ದೊಡ್ಡಮ್ಮ ಸುಪರ್ದಿ.

ಸಾವಿರಗಟ್ಟಲೆ ಫಲಿತಾಂಶ ಬಂತು. ಮೊದಲ ಪುಟದಲ್ಲೇ ಒಂದು ಕೊಲೆ ಮೊಕದ್ದಮೆ, ಒಂದು ಆಸ್ತಿ ಪಾಲು, ಕಳ್ಳಸಾಗಣೆಯ ಲಾರಿಯನ್ನು ಪೊಲೀಸರ ಸುಪರ್ದಿಗೆ ಕೊಟ್ಟ ಪ್ರಕರಣ.

ಮಾವ ಅವಳ ಭುಜದ ಮೇಲಿಂದ ಬಗ್ಗಿ ನೋಡಿದರು. "ಏನಿದು, ಸಂತೆ!"

"ತಾಳಿ ಮಾವ. ಸೋಸ್ತೀನಿ."

ಅವಳು ಒಮ್ಮೆ ಎರಡೂ ಅಂಗೈಯನ್ನು ತೊಡೆಗೆ ಒತ್ತಿಕೊಂಡಳು. ಹೀಗೆ ಎಲ್ಲ ಪದ ಒಟ್ಟಿಗೆ ಸುರಿದರೆ ಆಗುವುದಿಲ್ಲ. ನ್ಯಾಯಾಧೀಶರು ಕೇಳಿದ್ದು ಒಂದೇ: ಪೂರ್ಣಪೀಠದ ತೀರ್ಪಿನ ನಂತರ ಏನು ಬಂದಿದೆ? ಹಾಗಾದರೆ ಪ್ರಶ್ನೆಯನ್ನು ಅಲ್ಲಿಂದಲೇ ಹಿಡಿಯಬೇಕು. ಗಂಟೆ ವಕೀಲರು ಕೊಟ್ಟ ಪ್ರತಿಯಿಂದ ಪೂರ್ಣಪೀಠದ ತೀರ್ಪಿನ ಸಂಖ್ಯೆ ಹಾಕಿ ಅದನ್ನೇ ತೆರೆದಳು. ಪಕ್ಕದಲ್ಲಿ ಒಂದು ಕೊಂಡಿ: ಇದನ್ನು ಉಲ್ಲೇಖಿಸಿದ ನಂತರದ ತೀರ್ಪುಗಳು. ಒತ್ತಿದಳು. ನಾನೂರಕ್ಕೂ ಹೆಚ್ಚು. ಆದರೆ ಇವೆಲ್ಲವೂ ಪೂರ್ಣಪೀಠವನ್ನು ಓದಿ ಬರೆದವು, ಲಾರಿಗಳಿಲ್ಲ.

ನ್ಯಾಯಾಲಯ ಎಂಬಲ್ಲಿ ಮೇಲಿನ ನ್ಯಾಯಾಲಯವನ್ನು ಮಾತ್ರ ಆರಿಸಿದಳು. ಪಟ್ಟಿ ಅರ್ಧವಾಯಿತು. ಉಳಿದವುಗಳ ಮೇಲೆ ಕಣ್ಣಾಡಿಸಿದರೆ ಮುಕ್ಕಾಲುಪಾಲು ಗಂಡ ಹೆಂಡಿರ ಜಗಳ: ಬೇರೆಯಾದವರು ಮಗುವಿಗಾಗಿ ಕಿತ್ತಾಡಿದವು. ಅವು ಬೇಡ. ಬಿಡಬೇಕಾದ ಪದ ಎಂಬ ಖಾನೆಯಲ್ಲಿ ‘ವಿಚ್ಛೇದನ’ ಎಂದು ಬರೆದಳು. ಪಟ್ಟಿ ಒಂದೇ ಏಟಿಗೆ ಕುಗ್ಗಿ ಒಂದು ಪುಟಕ್ಕೆ ಇಳಿಯಿತು. ಎದೆ ಹಗುರವಾಯಿತು.

ಒಂದೊಂದಾಗಿ ತೆರೆದಳು. ದತ್ತಕದ ಪ್ರಕರಣ. ಪಿಂಚಣಿ. ಮತ್ತೆ ದತ್ತಕ. ಅಜ್ಜನೊಬ್ಬ ಮೊಮ್ಮಗನ ಶಾಲೆ ಬದಲಿಸಲು ಹೂಡಿದ ದಾವೆ. ಪಟ್ಟಿಯ ಕೊನೆಗೆ ಬಂದಳು. ಏನೂ ಇಲ್ಲ.

"ಏನಾಯ್ತು?"

"ಇಲ್ಲ ಮಾವ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ!" ಅವಳ ದನಿ ಏರಿತು. ಮದುವೆಯಾದಾಗಿನಿಂದ ಅವರೆದುರು ಹಾಗೆ ಮಾತಾಡಿದ್ದೇ ಇಲ್ಲ. "ನಿನ್ನೆನೇ ನೋಡಿದ್ರೆ ಇಡೀ ರಾತ್ರಿ ಇರ್ತಿತ್ತು. ಈಗ ಇಷ್ಟು ಚೂರು ಹೊತ್ತಲ್ಲಿ ಎಲ್ಲಿಂದ ತರ್ಲಿ?"

ಮಾವ ಕುರ್ಚಿ ಎಳೆದು ಕುಳಿತರು. ಪೂರ್ಣಪೀಠದ ತೀರ್ಪಿನ ಪ್ರತಿಯನ್ನು ಮಡಿಲಲ್ಲಿಟ್ಟುಕೊಂಡು ಮೊದಲ ಸಾಲಿನಿಂದ ಓದತೊಡಗಿದರು. ಅವರು ಓದುವುದೇ ಹಾಗೆ, ತುಟಿ ಅಲ್ಲಾಡಿಸಿ, ಅರ್ಧ ಗಟ್ಟಿಯಾಗಿ. ಮನೆಯಲ್ಲಿ ಬೆಳಗಿನ ಪತ್ರಿಕೆಯನ್ನು ಹಾಗೆ ಓದಿ ಎಲ್ಲರಿಗೂ ಬೇಸರ ಹಿಡಿಸುತ್ತಿದ್ದರು. ಅವಳಿಗೆ ಈಗ ತಲೆ ಸಿಡಿಯುವಂತಾಯಿತು.

"‘ನಮ್ಮ ಮುಂದಿರುವುದು ವಿಚ್ಛೇದನ ಪಡೆದ ದಂಪತಿಗಳ ವ್ಯಾಜ್ಯವಲ್ಲ. ತಾಯಿ ಮೃತಳಾಗಿದ್ದು, ಮಾತೃಪಕ್ಷದ ಬಂಧುಗಳಿಗೂ ತಂದೆಗೂ ನಡುವೆ...’"

"ಏನಂದ್ರಿ?"

ಮಾವ ತಲೆಯೆತ್ತಿದರು. "ನಾನೆಲ್ಲಮ್ಮ ಅಂದೆ? ಇದರಲ್ಲಿ ಬರೆದಿದೆ."

"ಇನ್ನೊಂದ್ಸಲ ಓದಿ."

ಅವರು ಓದಿದರು. ಅವಳು ಹಣೆ ಚಚ್ಚಿಕೊಂಡಳು. ಪೂರ್ಣಪೀಠವೇ ಶುರುವಿನಲ್ಲಿ ಆ ಪದ ಬಳಸಿತ್ತು, ಅಲ್ಲ ಎಂದು ಹೇಳುವುದಕ್ಕಾಗಿ. ಅದನ್ನು ನಂಬಿ ಬರೆದ ಪ್ರತಿಯೊಬ್ಬ ನ್ಯಾಯಾಧೀಶರೂ ಆ ಸಾಲನ್ನೇ ಎತ್ತಿ ಬರೆದಿರುತ್ತಾರೆ. ಅದೇ ಪದವಿರುವ ಎಲ್ಲವನ್ನೂ ಬಿಡು ಎಂದು ಅವಳು ಹೇಳಿದ್ದಳು. ಯಂತ್ರ ಹೇಳಿದ ಮಾತು ಕೇಳಿತ್ತು. ಬೇಕಾದ ತೀರ್ಪುಗಳನ್ನೇ ಹೆಕ್ಕಿ ಹೊರಗೆಸೆದಿತ್ತು.

"ನಾನೇ ಬಾಗಿಲು ಹಾಕ್ಕೊಂಡು ಒಳಗೆ ಯಾರೂ ಇಲ್ಲ ಅಂತ ಅಳ್ತಿದ್ದೆ, ಮಾವ."

ಬಿಡಬೇಕಾದ ಪದದ ಖಾನೆಯನ್ನು ಖಾಲಿ ಮಾಡಿದಳು. ಪಟ್ಟಿ ಮತ್ತೆ ಉಬ್ಬಿತು. ಈಗ ಬೇಡದ್ದನ್ನು ಕಳೆಯುವ ಬದಲು ಬೇಕಾದ್ದನ್ನು ಕೂಡಿಸಬೇಕು. ‘ದೊಡ್ಡಮ್ಮ’ ಎಂದು ಬರೆದಳು. ಒಂದೂ ಇಲ್ಲ.

"ದೊಡ್ಡಮ್ಮ ಅಂತ ಯಾವ ಜಡ್ಜು ಬರೀತಾರಮ್ಮ?" ಮಾವ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಮನೇಲಿ ಕರೆಯೋದು ದೊಡ್ಡಮ್ಮ. ತೀರ್ಪಲ್ಲಿ ಅವಳು ತಾಯಿಯ ಸಹೋದರಿ. ಇಲ್ಲಾ ಮಾತೃಪಕ್ಷದ ಬಂಧು."

ಅವಳು ಎರಡನ್ನೂ ಉದ್ಧರಣ ಚಿಹ್ನೆಯೊಳಗೆ ಬರೆದು, ನಡುವೆ ‘ಅಥವಾ’ ಹಾಕಿದಳು. ಆಗ ಇಡೀ ಪದಗುಚ್ಛ ಹಾಗೇ ಇರುವವು ಮಾತ್ರ ಬರುತ್ತವೆ, ತಾಯಿ ಒಂದು ಕಡೆ ಸಹೋದರಿ ಇನ್ನೊಂದು ಕಡೆ ಇರುವವು ಬರುವುದಿಲ್ಲ.

"ಇನ್ನೂ ತುಂಬಾ ಇವೆ. ಇನ್ನೇನು ಇರುತ್ತೆ ಮಾವ? ನಮ್ಮ ಕೇಸಲ್ಲಿ ಇರೋದು, ಬೇರೇದರಲ್ಲಿ ಇಲ್ಲದ್ದು?"

ಅವರು ಕಣ್ಣು ಮುಚ್ಚಿದರು. "ಶೈಶವ. ಹಳಬರು ‘ಶೈಶವದಿಂದ’ ಅಂತಾರೆ. ಹುಟ್ಟಿದಾಗಿನಿಂದ ಅನ್ನಲ್ಲ."

ಶೈಶವದಿಂದ ಎಂಬ ಪದ ತಾಯಿಯ ಸಹೋದರಿಯ ಜೊತೆ ಒಂದೇ ಪರಿಚ್ಛೇದದಲ್ಲಿ ಬರಬೇಕು ಎಂದು ಕೇಳಿದಳು. ಬೆರಳೆಣಿಕೆಯಷ್ಟು ಉಳಿದವು. ಎರಡನೆಯದನ್ನು ತೆರೆದು ಅವಳು ಪರದೆಯತ್ತ ಬಾಗಿದಳು. ತಾಯಿ ತೀರಿದ್ದಾಳೆ, ತಾಯಿಯ ಅಕ್ಕ ಸಾಕಿದ್ದಾಳೆ, ತಂದೆ ದೂರದ ಗಣಿಯಲ್ಲಿ. ಪೂರ್ಣಪೀಠದ ಮಾತನ್ನು ಒಪ್ಪಿಕೊಂಡೇ ಇಬ್ಬರು ನ್ಯಾಯಾಧೀಶರು ಹೇಳಿದ್ದರು: ತಂದೆಯ ಹಕ್ಕು ಮೊದಲನೆಯದು ನಿಜ, ಆದರೆ ಮಗುವಿನ ಮನಸ್ಸನ್ನು ತಿಳಿಯದೆ ಅದನ್ನು ಜಾರಿಗೊಳಿಸಬಾರದು. ಅವರೇ ಮಗುವನ್ನು ಕರೆದು ಮಾತಾಡಿಸಿದ್ದರು, ಅದು ದೊಡ್ಡಮ್ಮನ ಬಳಿಯೇ ಉಳಿದಿತ್ತು.

"ಸಿಕ್ತು!" ಮಾವ ಮೇಜಿನ ಮೇಲೆ ಗುದ್ದಿದರು. ಕಣ್ಣು ಹುಡುಗನ ಕಣ್ಣಿನಂತೆ ಹೊಳೆಯಿತು. "ತೆಗಿ ಪ್ರತಿ. ಆ ಗಂಟೆಯ ನಾಲಿಗೆ ಕೀಳ್ತೀನಿ."

"ಒಂದು ನಿಮಿಷ ಮಾವ. ಬೆಳಿಗ್ಗೆ ಏನಾಯ್ತು ಮರೆತ್ರಾ?"

ಆ ತೀರ್ಪಿನ ಮುಂದಿನ ಕಥೆ ನೋಡಿದಳು. ಯಾರೂ ಮೇಲ್ಮನವಿ ಹಾಕಿಲ್ಲ, ಯಾರೂ ತಳ್ಳಿಹಾಕಿಲ್ಲ. ಒಳ್ಳೆಯದು. ಕೊನೆಗೆ, ಅಭ್ಯಾಸ ಬಲದಿಂದ, ಪಟ್ಟಿಯನ್ನು ದಿನಾಂಕದ ಪ್ರಕಾರ ತಿರುಗಿಸಿದಳು, ಹೊಸದು ಮೇಲೆ ಬರುವಂತೆ.

ಎಲ್ಲಕ್ಕಿಂತ ಮೇಲೆ ಬಂದದ್ದು ಕಳೆದ ತಿಂಗಳಿನದು. ತಾಯಿಯ ಸಹೋದರಿ, ಶೈಶವದಿಂದ ಸಾಕಿದ ಮಗು, ತಂದೆ. ಕೊನೆಯ ಸಾಲು: ‘ಮಗುವನ್ನು ತಂದೆಯ ಸುಪರ್ದಿಗೆ ಒಪ್ಪಿಸತಕ್ಕದ್ದು.’

ಮಾವನೂ ಆ ಸಾಲನ್ನು ಓದಿದರು. ಹೊರಗೆ ಯಾರೋ ಊಟ ಮುಗಿಸಿ ಡಬ್ಬಿ ತೊಳೆಯುವ ಸದ್ದು ಕೇಳಿಸಿತು.

"ಮಾವ," ಎಂದಳು ಅವಳು, ಪರದೆಯಿಂದ ಕಣ್ಣು ಕೀಳದೆ. "ಇದು ಗಂಟೆ ವಕೀಲರ ಹತ್ರ ಇಲ್ಲ. ಇದ್ದಿದ್ರೆ ಬೆಳಿಗ್ಗೆನೇ ಬೀಸ್ತಿದ್ರು."

"ಹೌದು."

"ಅವರು ಹುಡುಕಿಲ್ಲ. ಪೂರ್ಣಪೀಠ ಸಿಕ್ಕಿದ ಖುಷಿಲಿ ಅಲ್ಲಿಗೇ ನಿಲ್ಲಿಸಿದ್ದಾರೆ." ಅವಳ ಮೌಸು ಆ ತೀರ್ಪನ್ನು ಮುಚ್ಚುವ ಗುರುತಿನ ಬಳಿ ಹೋಗಿತ್ತು. "ನಾವು ಮೊದಲನೇದು ಮಾತ್ರ ಕೊಡೋಣ."

"ನ್ಯಾಯಾಧೀಶರು ಕೇಳಿದ್ದು ಏನು? ಪೂರ್ಣಪೀಠದ ನಂತರ ಏನು ಬಂದಿದೆ ಅಂತ."

"ನಮಗೆ ಸಹಾಯ ಆಗೋದು ಅಂದ್ರು."

"ಸೊಸೆ," ಎಂದರು ಮಾವ. ಕೆಲಸದ ಹೊತ್ತಿನಲ್ಲಿ ಅವರು ಅವಳನ್ನು ಹಾಗೆ ಕರೆಯುತ್ತಿರಲಿಲ್ಲ. "ಬೆಳಿಗ್ಗೆ ನಾನು ಗೊತ್ತಿಲ್ಲದೆ ತಪ್ಪು ಹೇಳ್ದೆ. ಈಗ ಗೊತ್ತಿದ್ದೂ ಹೇಳೋಣಾ?"

"ಸಂಜೆ ಆ ಮಗು ರೈಲು ಹತ್ತುತ್ತೆ! ನಿಮ್ಮ ಮರ್ಯಾದೆ ಅದಕ್ಕಿಂತ ದೊಡ್ಡದಾ?"

"ನನ್ನ ಮರ್ಯಾದೆ ಬೆಳಿಗ್ಗೆನೇ ಹೋಯ್ತಲ್ಲ, ಅದರ ಚಿಂತೆ ಬಿಡು." ಅವರ ದನಿಯಲ್ಲಿ ಕೋಪವಿರಲಿಲ್ಲ. "ಇವತ್ತು ಮುಚ್ಚಿಟ್ರೆ ನಾಳೆ ಗಂಟೆಗೆ ಸಿಕ್ಕೇ ಸಿಗುತ್ತೆ. ಆಗ ನಾವು ಹೇಳಿದ್ದು ಯಾವುದನ್ನೂ ನ್ಯಾಯಾಧೀಶರು ನಂಬಲ್ಲ. ಹೋಗೋದು ಯಾರು? ಆ ಮಗುವೇ. ಕೊನೇ ಸಾಲು ನೋಡಿ ಹೆದರ್ಬೇಡ. ಮೊದಲಿಂದ ಓದು. ಯಾಕೆ ಕೊಟ್ರು ಅಂತ ನೋಡು."

ಅವಳಿಗೆ ಅಳು ಬಂದಿತ್ತು. ಆದರೂ ಪುಟ ಮೇಲಕ್ಕೆ ಸರಿಸಿದಳು. ವಿರಾಮ ಮುಗಿಯುತ್ತ ಬಂದಿತ್ತು. ಕೆಳಗೆ ಪಡಸಾಲೆಯಲ್ಲಿ ಕುರ್ಚಿ ಎಳೆಯುವ, ಹೆಸರು ಕೂಗುವ ಸದ್ದು ಶುರುವಾಗಿತ್ತು. ಸಾರಾಂಶವನ್ನು ದಾಟಿದಳು. ವಾದಗಳನ್ನು ದಾಟಿದಳು. ನಡುವಿನಲ್ಲೊಂದು ಪರಿಚ್ಛೇದದ ಬಳಿ ಬೆರಳು ನಿಂತಿತು.

"ಮಾವ, ಕೇಳಿ. ‘ಕೆಳಗಿನ ನ್ಯಾಯಾಧೀಶರು ಮಗುವಿನೊಡನೆ ಎರಡು ಬಾರಿ ಪ್ರತ್ಯೇಕವಾಗಿ ಮಾತನಾಡಿದ್ದಾರೆ. ಮಗುವು ಎರಡು ರಜೆಗಳನ್ನು ತಂದೆಯ ಮನೆಯಲ್ಲಿ ಕಳೆದಿದ್ದು, ಅಲ್ಲಿಗೆ ಹೋಗಲು ತಾನೇ ಬಯಸಿದೆ.’"

ಮಾವ ಎದ್ದು ನಿಂತರು. "ಅಂದ್ರೆ ತಂದೆ ಗೆದ್ದ ಕೇಸಲ್ಲೂ..."

"ಮೊದಲು ಮಗುವನ್ನ ಕೇಳಿದ್ದಾರೆ. ಎರಡರಲ್ಲೂ ಕೇಳಿದ್ದಾರೆ!"

"ತೆಗಿ ಪ್ರತಿ! ಎರಡೂ ತೆಗಿ!"

ಮುದ್ರಣ ಯಂತ್ರದಲ್ಲಿ ಕಾಗದ ಮುಗಿದಿತ್ತು. ಅವಳು ಮೇಜಿನ ಸೆಳೆಖಾನೆಗಳನ್ನೆಲ್ಲ ಎಳೆದಾಡಿದಳು. ಮಾವ ತಮ್ಮ ಕಡತದಿಂದ ಬಿಳಿಹಾಳೆಗಳನ್ನು ಕಿತ್ತು ಕೊಟ್ಟರು. ಕೊನೆಯ ಹಾಳೆ ಇನ್ನೂ ಬೆಚ್ಚಗಿರುವಾಗಲೇ ಇಬ್ಬರೂ ಮೆಟ್ಟಿಲಿಳಿದರು. ಅರ್ಧ ದಾರಿಯಲ್ಲಿ ಅವರ ಪ್ರಕರಣದ ಸಂಖ್ಯೆ ಕೂಗಿದ್ದು ಕೇಳಿಸಿತು. ಮಾವ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದರು.

"ನೀನು ಓಡು. ನೀನೇ ಶುರು ಮಾಡು."

"ನಾನಾ? ಮಾವ, ನಾನು ಎಂದೂ..."

"ಹುಡುಕಿದವಳು ನೀನು. ಅದನ್ನ ನಿನ್ನಷ್ಟು ಚೆನ್ನಾಗಿ ನನಗೆ ಹೇಳೋಕೆ ಬರಲ್ಲ. ಓಡಮ್ಮ!"

ಅವಳು ಒಳಗೆ ಹೋದಾಗ ಗಂಟೆ ವಕೀಲರು ಆಗಲೇ ಎದ್ದು ನಿಂತಿದ್ದರು. "ಎದುರು ಪಕ್ಷದವರು ಕಾಣ್ತಾ ಇಲ್ಲ, ಸ್ವಾಮಿ. ಆದೇಶ ಬರೆಸಬಹುದು" ಎನ್ನುತ್ತಿದ್ದರು.

"ಇದ್ದೀನಿ, ಸ್ವಾಮಿ." ಅವಳು ಒಂದು ಜೊತೆ ಪ್ರತಿಯನ್ನು ನ್ಯಾಯಾಧೀಶರ ಮುಂದಿಟ್ಟಳು. "ಎರಡು ತೀರ್ಪು ತಂದಿದ್ದೀನಿ. ಒಂದು ನಮ್ಮ ಕಡೆ. ಇನ್ನೊಂದು..." ಅವಳು ತಿರುಗಿ ಬಾಗಿಲು ನೋಡಿದಳು. ಮಾವ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ, ಕಕ್ಷಿದಾರರ ನಡುವೆ ಕುಳಿತಿದ್ದರು. "ಇನ್ನೊಂದು ಅವರ ಕಡೆ. ಕಳೆದ ತಿಂಗಳು ಬಂದದ್ದು."

ಗಂಟೆ ವಕೀಲರು ಕೈ ಚಾಚಿ ಪ್ರತಿ ತೆಗೆದುಕೊಂಡರು. ನೇರ ಕೊನೆಯ ಪುಟಕ್ಕೆ ಹೋದರು. ಮುಖ ಅರಳಿತು. "ಸ್ವಾಮಿ, ಇನ್ನೇನು ಉಳೀತು? ಅವರೇ ನಮ್ಮ ಕೇಸು ಮುಗಿಸಿಕೊಟ್ಟಿದ್ದಾರೆ."

"ಪರಿಚ್ಛೇದ ಹತ್ತೊಂಬತ್ತು ಓದಬೇಕು, ಸ್ವಾಮಿ," ಎಂದಳು ಸೊಸೆ. "ಕೊನೆಗೆ ಹೋಗೋ ಮೊದಲು."

ನ್ಯಾಯಾಧೀಶರು ಓದಿದರು. ಪುಟ ತಿರುಗಿಸಿ ಹಿಂದಿನದನ್ನೂ ಓದಿದರು. ದೊಡ್ಡಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿಯುತ್ತಿದ್ದಳು. ಬೆರಳ ತುದಿ ಬಿಳುಚಿತ್ತು.

"ಮುಂದೆ ಹೇಳಿ," ಎಂದರು ನ್ಯಾಯಾಧೀಶರು.

"ಪೂರ್ಣಪೀಠ ಹೇಳಿದ್ದನ್ನ ನಾವು ಅಲ್ಲ ಅನ್ನಲ್ಲ, ಸ್ವಾಮಿ. ತಂದೆಗೆ ಹಕ್ಕಿದೆ. ಆದರೆ ಅದರ ನಂತರ ಬಂದ ಎರಡು ತೀರ್ಪು ನೋಡಿ. ಒಂದರಲ್ಲಿ ದೊಡ್ಡಮ್ಮ ಗೆದ್ದರು, ಒಂದರಲ್ಲಿ ತಂದೆ ಗೆದ್ದರು. ಎರಡರಲ್ಲೂ ಸಮಾನವಾದದ್ದು ಒಂದೇ. ಆದೇಶ ಬರೆಯೋ ಮೊದಲು ನ್ಯಾಯಾಧೀಶರು ಮಗುವನ್ನ ಕೂರಿಸಿಕೊಂಡು ಮಾತಾಡಿದ್ದಾರೆ. ಈ ಪ್ರಕರಣದಲ್ಲಿ ಇನ್ನೂ ಯಾರೂ ಅವಳನ್ನ ಏನೂ ಕೇಳಿಲ್ಲ. ಅವಳು ಹೊರಗೆ ಬೆಂಚ್ ಮೇಲೆ ಕೂತಿದ್ದಾಳೆ. ನಮ್ಮ ಕೋರಿಕೆ ಇಷ್ಟೇ. ಕೇಳಿ."

ಗಂಟೆ ವಕೀಲರು ಬಾಯಿ ತೆರೆದರು. ಎಲ್ಲರೂ ಆ ದನಿಗಾಗಿ ಕಾದರು. ಅವರು ಪ್ರತಿಯ ಮೇಲೆ ಇನ್ನೊಮ್ಮೆ ಕಣ್ಣಾಡಿಸಿ, "ಮಗುವಿನೊಡನೆ ಮಾತಾಡೋಕೆ ನಮ್ಮ ಆಕ್ಷೇಪ ಇಲ್ಲ, ಸ್ವಾಮಿ" ಎಂದಷ್ಟೇ ಹೇಳಿ ಕುಳಿತರು.

ಗುಂಡಿಯನ್ನು ಒಳಗೆ, ನ್ಯಾಯಾಧೀಶರ ಕೋಣೆಗೆ ಕರೆದೊಯ್ದರು. ದೊಡ್ಡಮ್ಮ ಎದ್ದಳು, ಮಗು ಒಬ್ಬಳೇ ಬರಲಿ ಎಂದರು ನ್ಯಾಯಾಧೀಶರು. ಬಾಗಿಲು ಮುಚ್ಚಿತು.

ಆ ಕಾಯುವಿಕೆಯೇ ಆ ದಿನದ ಅತಿ ಕಷ್ಟದ ಹೊತ್ತು. ಹುಡುಕುವಾಗ ಕೈಗೆ ಕೆಲಸವಿತ್ತು. ಈಗ ಏನೂ ಇರಲಿಲ್ಲ. ಮಗು ಏನು ಹೇಳುತ್ತದೋ, ಹೆದರಿ ಬಾಯೇ ಬಿಡುವುದಿಲ್ಲವೋ, ಹೊಸ ಊರಿನ ಆಸೆಗೆ ಹೂಂ ಎಂದುಬಿಡುತ್ತದೋ. ಹೂಂ ಎಂದರೆ ಅದನ್ನು ತಡೆಯುವ ತೀರ್ಪು ಯಾವ ಭಂಡಾರದಲ್ಲೂ ಇರಲಿಲ್ಲ. ಒಳಗಿನಿಂದ ಮಾತು ಕೇಳಿಸುತ್ತಿರಲಿಲ್ಲ. ಒಮ್ಮೆ ಮಾತ್ರ ಗುಂಡಿಯ ನಗು ಕೇಳಿಸಿತು. ದೊಡ್ಡಮ್ಮ ಮತ್ತು ತಂದೆ ಇಬ್ಬರೂ ಒಟ್ಟಿಗೇ ತಲೆಯೆತ್ತಿದರು.

ನ್ಯಾಯಾಧೀಶರು ಮರಳಿ ಬಂದು ಕುಳಿತು ತಂದೆಯನ್ನು ಮುಂದೆ ಕರೆದರು.

"ಮಗು ನನ್ನ ಹತ್ರ ಮಾತಾಡಿದೆ. ಏನೇನು ಹೇಳಿತು ಅನ್ನೋದು ನನ್ನಲ್ಲೇ ಇರುತ್ತೆ. ನಿಮಗೆ ಒಂದು ಮಾತು ಮಾತ್ರ ಹೇಳ್ತೀನಿ. ಅವಳಿಗೆ ನಿಮ್ಮ ಮೇಲೆ ಕೋಪ ಇಲ್ಲ. ನಿಮ್ಮ ಪರಿಚಯ ಇಲ್ಲ."

ತಂದೆ ತಲೆ ತಗ್ಗಿಸಿದ. ಅವನ ದಪ್ಪ ಕೈಗಳ ಮೇಲೆ ಎಣ್ಣೆ ಹಾರಿ ಸುಟ್ಟ ಹಳೆಯ ಕಲೆಗಳಿದ್ದವು. ಅವುಗಳಿಂದ ಮುಖ ಮುಚ್ಚಿಕೊಂಡ. "ನಾನು ದುಡಿಯೋಕೆ ಹೋಗಿದ್ದೆ, ಸ್ವಾಮಿ," ಎಂದ. "ಬಿಟ್ಟು ಹೋಗಿರ್ಲಿಲ್ಲ."

"ಅದನ್ನ ಅವಳಿಗೆ ಹೇಳಿ. ಅದಕ್ಕೆ ಸಮಯ ಬೇಕು. ಕೊಡ್ತಾ ಇದ್ದೀನಿ."

ಆದೇಶವಾಯಿತು. ಪ್ರಕರಣ ಮುಗಿಯುವವರೆಗೆ ಮಗು ದೊಡ್ಡಮ್ಮನ ಬಳಿ ಇರಬೇಕು. ತಿಂಗಳಿಗೊಮ್ಮೆ ತಂದೆ ಬಂದು ಇಡೀ ದಿನ ಜೊತೆಗಿರಬಹುದು. ಶಾಲೆಗೆ ರಜೆ ಬಿಟ್ಟಾಗ ಮಗು ಅವನ ಮನೆಗೆ ಹೋಗಬೇಕು. ಮೊದಲ ಸಲ ದೊಡ್ಡಮ್ಮನೂ ಜೊತೆಗೆ ಹೋಗಿ ಬಿಟ್ಟು ಬರಬೇಕು. ಆಮೇಲೆ ಇನ್ನೊಮ್ಮೆ ಮಗುವನ್ನು ಕೇಳಿ ಕೊನೆಯ ತೀರ್ಮಾನ.

ಗೆಲುವು ಎನ್ನುವಂತೆಯೂ ಇರಲಿಲ್ಲ, ಸೋಲು ಎನ್ನುವಂತೆಯೂ ಇರಲಿಲ್ಲ. ಸೊಸೆ ಮೇಜಿನ ಮೇಲಿನ ಹಾಳೆಗಳನ್ನು ಜೋಡಿಸತೊಡಗಿದಳು.

ಗಂಟೆ ವಕೀಲರು ಕಡತ ಕಟ್ಟುತ್ತ ಪಕ್ಕಕ್ಕೆ ಬಂದರು. "ಆ ಎರಡನೇದು ನೀವೇ ಕೊಟ್ರಲ್ಲ ವಕೀಲರೇ, ಯಾಕೆ? ನನ್ನ ಹತ್ರ ಇರ್ಲಿಲ್ಲ."

ಸೊಸೆ ಅಂತ ಸೇರಿಸದೆ ಅವರು ಕರೆದದ್ದು ಅದೇ ಮೊದಲು. ಅವಳು ಹಿಂದಿನ ಬೆಂಚಿನತ್ತ ಕೈ ತೋರಿಸಿದಳು. "ನಾನಲ್ಲ. ಅವರು."

ಮಾವ ಆಗ ದೊಡ್ಡಮ್ಮನಿಗೆ ಆದೇಶವನ್ನು ವಿವರಿಸುತ್ತಿದ್ದರು, ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ. ಅವಳು ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳುತ್ತಿದ್ದಳು: ಇವತ್ತು ಹೋಗ್ಬೇಕಾಗಿಲ್ಲ ಅಲ್ವಾ? ಇವತ್ತು ಇಲ್ಲ ಅಲ್ವಾ? ಪ್ರತಿ ಸಲವೂ ಅವರು ಬೇಸರಿಸದೆ ಇಲ್ಲಮ್ಮ, ಇವತ್ತು ಇಲ್ಲ ಎನ್ನುತ್ತಿದ್ದರು.

ಪ್ರಕರಣ ಮುಂದೆಯೂ ಎಳೆಯಿತು. ರಜೆಗೆ ಗುಂಡಿ ಹೋಗಿ ಬಂದಳು; ಮೊದಲ ಸಲ ಅತ್ತಳು, ಎರಡನೆಯ ಸಲ ವಾಪಸು ಬರುವಾಗ ಅತ್ತಳು. ಕೊನೆಗೆ ತಂದೆಯೇ ಹೊಸ ಕೆಲಸ ಬಿಟ್ಟು ಈ ಊರಿನ ಒಂದು ದೊಡ್ಡ ಆಸ್ಪತ್ರೆಯ ಅಡುಗೆಮನೆಗೆ ಸೇರಿಕೊಂಡ. ಮಗುವನ್ನು ಇಬ್ಬರೂ ನೋಡಿಕೊಳ್ಳುವುದೆಂದು ಎರಡೂ ಕಡೆಯವರು ಒಪ್ಪಿ ಸಹಿ ಹಾಕಿದ್ದರಿಂದ ಪ್ರಕರಣ ಮುಗಿಯಿತು. ಗಂಟೆ ವಕೀಲರಿಗೆ ದನಿಯೆತ್ತುವ ಸಂದರ್ಭವೇ ಬರಲಿಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ ಕೋರ್ಟಿನ ಹೊರಗಿನ ಮೆಟ್ಟಿಲ ಬಳಿ ಎಲ್ಲರೂ ಒಂದು ಗಳಿಗೆ ಸುಮ್ಮನೆ ನಿಂತಿದ್ದರು, ಯಾರು ಮೊದಲು ಹೊರಡಬೇಕು ಎಂದು ತಿಳಿಯದೆ. ತಂದೆ ಗುಂಡಿಯ ತಲೆ ಮುಟ್ಟಲು ಕೈ ಎತ್ತಿ, ಮುಟ್ಟದೆ ಇಳಿಸಿ, ಬೀದಿಯತ್ತ ತಿರುಗಿದ. ನಾಲ್ಕು ಹೆಜ್ಜೆ ಹೋಗಿದ್ದನೇನೋ.

"ಏನಪ್ಪಾ, ನಿಲ್ಲು," ಎಂದು ದೊಡ್ಡಮ್ಮ ಕೂಗಿದಳು. ದನಿಯಲ್ಲಿ ಇನ್ನೂ ಸಿಟ್ಟಿತ್ತು. "ರಾತ್ರಿ ಎಲ್ಲಿರ್ತೀಯ?"

"ನೋಡ್ಬೇಕು ಅತ್ತಿಗೆ. ಸ್ಟೇಷನ್ ಹತ್ರ ಎಲ್ಲಾದ್ರೂ."

"ಊಟ ಮಾಡಿದ್ದೀಯಾ?"

ಅವನು ಖಾಲಿ ಸೂಟ್‌ಕೇಸನ್ನು ಇನ್ನೊಂದು ಕೈಗೆ ಬದಲಿಸಿದ. ದೊಡ್ಡಮ್ಮ ಗುಂಡಿಯ ಕೈ ಹಿಡಿದು ಮೆಟ್ಟಿಲಿಳಿದಳು, ಅವನನ್ನು ನೋಡದೆಯೇ ಅವನ ಪಕ್ಕದಲ್ಲಿ ಹಾದು ಮುಂದೆ ನಡೆದಳು. "ಬಾ ಹಾಗಾದ್ರೆ. ಬಸ್ಸು ಆ ಕಡೆ ನಿಲ್ಲುತ್ತೆ."